ಶರೋನಳ ಪೈಲಾ ಫಸಲು

ಕುಂಬಳಕಾಯಿಗೂ ಕಾಲು ಕಟ್ಟಿದ ಹುಂಜಕ್ಕೂ ನಡುವೆ ಶರೋನಳ ಥರ್ಮಾಸ್ ಇತ್ತು. ಭಾಲ್ಕಿಯ ಚರ್ಚಿನಲ್ಲಿ ಅಂದು ಸುಗ್ಗಿಯ ಆರಾಧನೆ. ಪ್ರತಿ ಮನೆಯವರೂ ಪೈಲಾ ಫಸಲನ್ನು, ಅಂದರೆ ಮೊದಲ ಬೆಳೆಯನ್ನು, ವೇದಿಯ ಮುಂದೆ ತಂದಿಟ್ಟಿದ್ದರು. ಒಂದೊಂದನ್ನೇ ಎತ್ತಿ ಹೆಸರು ಹೇಳುತ್ತಿದ್ದ ಪಾಸ್ಟರ್ ಥರ್ಮಾಸ್ ಹಿಡಿದು ನಿಂತುಬಿಟ್ಟರು.

"ಇದೇನ್ರಿ ವಿಲ್ಸನಣ್ಣಾ, ಚಹಾ ತಂದೀರೇನು?"

ಚರ್ಚಿಗೆ ಚರ್ಚೇ ನಕ್ಕಿತು. ಸಾಯಗಾಂವದ ವಿಲ್ಸನ ನಗಲಿಲ್ಲ. ಇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಂಡು ಎದ್ದ.

"ನನ್ನ ಮಗಳ ಪೈಲಾ ಫಸಲು ರೀ. ಗಾಯ ಮಾಯೋ ಔಷಧ. ಬೀದರದ ಲ್ಯಾಬಿನಾಗ ಖುದ್ದ್ ಅಕಿನೇ ಮಾಡ್ಯಾಳ."

ಶರೋನ ಬೆಂಚಿನಿಂದ ಅರ್ಧ ಎದ್ದಳು. ಔಷಧ ಎಂದು ಅವಳು ಹೇಳೇ ಇರಲಿಲ್ಲ. ಗಾಯ ಮಾಯುವಾಗ ಮನುಷ್ಯರ ದೇಹ ತಾನೇ ತಯಾರಿಸಿಕೊಳ್ಳುವ ಪ್ರೋಟೀನ್ ಅದು. ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅವುಗಳ ಕೈಲಿ ಮಾಡಿಸುವುದು ಅವಳ ಎಂ.ಎಸ್ಸಿ. ಪ್ರಾಜೆಕ್ಟ್. ನಾಲ್ಕು ಸಲ ಕೆಟ್ಟು, ಐದನೇ ಸಲ ಬಂದಾಗ ಲ್ಯಾಬಿನಲ್ಲೇ ಕುಣಿದು ಒಂದು ಬೀಕರ್ ಒಡೆದಿದ್ದಳು. ಅದೇ ಖುಷಿಯಲ್ಲಿ ಅಪ್ಪನಿಗೆ ಫೋನು ಮಾಡಿದ್ದಳು. ಊರಿಗೆ ಹೊರಟಾಗ ಅವಳ ಗೈಡ್ ಅರ್ಶಿಯಾ ಮೇಡಂ ಮಿಕ್ಕ ಒಂದು ಟ್ಯೂಬನ್ನು ಮಂಜುಗಡ್ಡೆಯಲ್ಲಿಟ್ಟು, "ತೋರಿಸಿ ವಾಪಸ್ ತಾ. ಯಾರಿಗೂ ಕೊಡಬ್ಯಾಡ" ಎಂದಿದ್ದರು.

ಮುಂದಿನ ಸಾಲಿನಿಂದ ದೊರ್ಕಾ ಆಯಿ ಎದ್ದಳು. ವಿಲ್ಸನನ ಸೋದರತ್ತೆ. ಔಷಧದ ಸುದ್ದಿ ಕೇಳಿ ಸಂತಪುರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಸಕ್ಕರೆ ಕಾಯಿಲೆಯ ಹುಣ್ಣು ಅವಳ ಹಿಮ್ಮಡಿಯಲ್ಲಿ ಎಂಟು ತಿಂಗಳಿಂದ ಮಾಯದೆ ಕೂತಿತ್ತು. ಕುಂಟುತ್ತ ಬಂದು, ಮೆಟ್ಟಿಲ ಮೇಲೆ ಕುಳಿತು ಪಟ್ಟಿ ಬಿಚ್ಚತೊಡಗಿದಳು.

"ಒಂದ್ ಹನಿ ಹಾಕವ್ವಾ. ನಿನ್ನ ಕೈಲೇ ಹಾಕು."

ಶರೋನ ಮುಂದೆ ಬಂದು ಅವಳ ಬಳಿ ನಿಂತಳು. ಒಂದು ಹನಿ ಹಾಕಿದರೆ ಅಪ್ಪನ ಮಾತು ಉಳಿಯುತ್ತಿತ್ತು. ಅವನು ಕುತ್ತಿಗೆ ಚಾಚಿ ನೋಡುತ್ತಿದ್ದ, ಕಣ್ಣಲ್ಲಿ ಹೊಳಪು.

"ಇದು ಹಾಕಲಾಕ ಬರಂಗಿಲ್ಲ ಆಯಿ," ಎಂದಳು ಶರೋನ.

"ಯಾಕ? ನಾ ಪರಕೀಯಳೇನ?"

"ಔಷಧ ಅಲ್ರಿ ಇದು. ಔಷಧ ಹುಡುಕೋರಿಗಿ ಬೇಕಾಗೋದು. ಬ್ಯಾಕ್ಟೀರಿಯಾದ ಹೊಲಸು ಇನ್ನಾ ಎಷ್ಟು ಉಳದದೋ ಗೊತ್ತಿಲ್ಲ. ಹುಣ್ಣಿಗಿ ಬಿದ್ರ ಕಾಲೇ ಕೆಡಬಹುದು."

ಹಿಂದಿನ ಬೆಂಚಿನಿಂದ ಜಾನ್ಸನ ಕಾಕಾನ ದನಿ ಬಂತು. "ಖುದ್ದ್ ಮಾಡ್ಯಾಳಂತ, ಖುದ್ದ್ ಅಂಜ್ತಾಳ! ನೀರು ತಂದಾಳೋ ಏನೋ, ನೋಡ್ರಿ ಪಾಸ್ಟರ್."

ನಗು ಎದ್ದಿತು. ವಿಲ್ಸನನ ಮುಖ ಕಪ್ಪಿಟ್ಟಿತು. ಅವನು ಮುಂದೆ ಬಂದು, ಪಾಸ್ಟರ ಕೈಯಿಂದ ಥರ್ಮಾಸ್ ಇಸಿದುಕೊಂಡು, ಬೆರಳ ಗೆಣ್ಣಿನಷ್ಟಿದ್ದ ಟ್ಯೂಬನ್ನು ಹೊರತೆಗೆದ. ಅದರ ಚೀಟಿಯ ಮೇಲೆ ಮಗಳ ಅಕ್ಷರ. ಕಣ್ಣು ಕಿರಿದು ಮಾಡಿ ತಡೆತಡೆದು ಓದಿದ: ಸಂಶೋಧನೆಗೆ ಮಾತ್ರ. ಮನುಷ್ಯರಿಗೆ ಬಳಸಬಾರದು.

ಆಮೇಲೆ ತಿರುಗಿದ.

"ಜಾನ್ಸನಾ, ಮಿರಗದ ಮಳ್ಯಾಗ ನನ್ನ ಮನ್ಯಾಗ ಬಿತ್ತೋ ತೊಗರಿ ಚೀಲ ಇತ್ತಲ್ಲ, ಗುಲಾಬಿ ಬಣ್ಣ ಹಚ್ಚಿದ್ದು. ಬ್ಯಾಳಿ ಮಾಡ್ಕೋತೇನಿ ಕೊಡು ಅಂದಿ ಏನ?"

"ಹುಚ್ಚೇನ ಅಣ್ಣಾ ನಿನಗ? ಅದಕ ವಿಷ ಹಚ್ಚಿರ್ತಾರ. ಬಿತ್ತಲಾಕ ಅದು, ತಿನ್ನಲಾಕ ಅಲ್ಲ."

"ಇದು ಭೀ ಹಂಗೇ." ಟ್ಯೂಬನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ನಾ ಔಷಧ ಅಂದಿದ್ದು ತಪ್ಪು ರೀ. ನನ್ನ ಮಗಳು ಬೀಜ ಮಾಡ್ಯಾಳ."

ದೊರ್ಕಾ ಆಯಿ ಪಟ್ಟಿಯ ತುದಿ ಹಿಡಿದೇ ಕೇಳಿದಳು: "ಬೆಳಿ ಯಾವಾಗ ಬರ್ತದವ್ವಾ?"

"ವರ್ಷಗಟ್ಲೆ ಆಗ್ತದ್ರಿ. ನಿಮ್ಮ ಕಾಲಿಗಿ ಸಿಗಲಿಕ್ಕಿಲ್ಲ." ಶರೋನ ಮಂಡಿಯೂರಿ ಪಟ್ಟಿ ಸುತ್ತತೊಡಗಿದಳು. "ಇವತ್ತ ನನ್ನ ಜೋಡಿ ಬೀದರಕ ಬರ್ರಿ. ರೂಮಿನಾಗ ಇರ್ರಿ. ನಾಳಿ ಮುಂಜಾನಿ ದೊಡ್ಡ ದವಾಖಾನಿಗಿ ಹೋಗೋಣು."

"ನಿನ್ನ ಕೈಲೆ ರೊಟ್ಟಿ ತಿನ್ನಬೇಕಲ್ಲ, ಅದೇ ಚಿಂತಿ," ಎಂದಳು ಆಯಿ. ಈ ಸಲ ಶರೋನಳೇ ಮೊದಲು ನಕ್ಕಳು.

ಬಸ್‌ಸ್ಟ್ಯಾಂಡಿನಲ್ಲಿ ವಿಲ್ಸನ ಆಯಿಯನ್ನು ಹತ್ತಿಸಿ, ಕಿಟಕಿಯ ಕೆಳಗೆ ಬಂದು ನಿಂತ.

"ಅದರ ಪೂರಾ ಹೆಸರೇನ?"

"ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಪಪ್ಪಾ."

"ಸಾವಕಾಶ ಹೇಳು." ಅಂಗಿಯ ಕಿಸೆಯಿಂದ ಪೆನ್ನು ತೆಗೆದು ಎಡ ಅಂಗೈ ಮೇಲೆ ಬರೆದುಕೊಂಡ. ಮೂರನೇ ಪದಕ್ಕೆ ಜಾಗ ಸಾಲದೆ ಮಣಿಕಟ್ಟಿಗೆ ಇಳಿಸಿದ.

ಬಸ್ಸು ಹೊರಟಿತು. ಶರೋನ ತಿರುಗಿ ನೋಡಿದಾಗ ಅವನು ಅಲ್ಲೇ ಬಿಸಿಲಲ್ಲಿ ಅಂಗೈ ಚಾಚಿ ನಿಂತಿದ್ದ. ಕಳಿಸಲು ಜತೆಗೆ ಬಂದಿದ್ದ ಜಾನ್ಸನ ಕಾಕಾ ಅದರ ಮೇಲೆ ಬಾಗಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದ.