ನಾರು ತೆಗೆದ ದಿನ

ನಮ್ಮೂರ ಹಳ್ಳದ ಮೇಲಿನ ಕಬ್ಬಿಣದ ಮೇಲ್ಗಾಲುವೆ ಬಳಕೆಗೆ ಯೋಗ್ಯವಲ್ಲ ಎಂದು ಸರ್ಕಾರಿ ವರದಿಯೊಂದು ಹೇಳುತ್ತದೆ. ಅದರ ಕೊನೆಯ ಪುಟದಲ್ಲಿ ‘ಮಾಹಿತಿ ಸಹಕಾರ: ಶ್ರೀ ಗಂಗಾಧರಪ್ಪ, ನಿವೃತ್ತ ಮುಖ್ಯೋಪಾಧ್ಯಾಯರು’ ಎಂದಿದೆ. ಆ ಗಂಗಾಧರಪ್ಪ ನಾನೇ.

ಬಸ್ತಿಹಳ್ಳಿಯಿಂದ ಎರಡು ಮೈಲಿ ದೂರದಲ್ಲಿ ನಮ್ಮೂರು. ಕೆರೆ ಹಳ್ಳದ ಈಚೆಗೆ, ಗದ್ದೆಗಳು ಆಚೆಗೆ. ಅರಸೀಕೆರೆಗೆ ರೈಲು ಬಂದ ಹೊಸದರಲ್ಲಿ, ಬೀಡು ಎಂದು ನಾವು ಕರೆಯುವ ಎರಕದ ಕಬ್ಬಿಣದ ಹಲಗೆಗಳು ಅಲ್ಲಿ ಬಂದಿಳಿದವು. ಎತ್ತಿನ ಗಾಡಿಗಳಲ್ಲಿ ಇಲ್ಲಿಗೆ ಸಾಗಿದವು. ಅವನ್ನು ಬೋಲ್ಟಿನಿಂದ ಬಿಗಿದು, ಕಲ್ಲಿನ ಕಂಬಗಳ ಮೇಲೆ ಉದ್ದನೆಯ ತೊಟ್ಟಿಯಂತೆ ಕೂರಿಸಿದರು. ಬೀಡು ಒತ್ತಿದರೆ ತಾಳುತ್ತದೆ, ಎಳೆದರೆ ಒಡೆಯುತ್ತದೆ. ಇದನ್ನು ಬಲ್ಲವರಾದ್ದರಿಂದ ಹಲಗೆಗಳನ್ನು ಚೌಕವಾಗಿ ಎರೆಯಲಿಲ್ಲ. ಕಮಾನಿನ ಕಲ್ಲುಗಳಂತೆ ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ, ಒಂದು ಇನ್ನೊಂದನ್ನು ಒತ್ತಿ ಹಿಡಿಯುವಂತೆ ಎರೆದರು. ಹಾಗೆ ಯೋಚಿಸಿದ ಮಹಾನುಭಾವ ಯಾರೋ, ಎಷ್ಟು ಹುಡುಕಿದರೂ ಹೆಸರು ನನಗೆ ಸಿಕ್ಕಲಿಲ್ಲ.

ಹಲಗೆಗಳ ನಡುವೆ ಇಪ್ಪತ್ತೆರಡು ಸಂದುಗಳಿವೆ. ಒಂದೊಂದು ಸಂದು ಒಂದೊಂದು ಮನೆಗೆ ಸೇರಿದ್ದು. ವರ್ಷಕ್ಕೊಮ್ಮೆ ಆಯಾ ಮನೆಯವರು ಹಳೆಯ ತೆಂಗಿನ ನಾರನ್ನು ಕಿತ್ತು, ಹರಳೆಣ್ಣೆ ಬೆರೆಸಿದ ಸುಣ್ಣದಲ್ಲಿ ಅದ್ದಿದ ಹೊಸ ನಾರನ್ನು ಉಳಿಯಿಂದ ಗಿಡಿದು ತುಂಬುತ್ತಾರೆ. ಒಂದು ದಿನ ಕೀಳುವುದು, ಮರುದಿನ ತುಂಬುವುದು. ನಡುವೆ ಕೆರೆಯ ತೂಬನ್ನು ಯಾರೂ ಎತ್ತುವಂತಿಲ್ಲ. ಇದು ಊರಿನ ಕಟ್ಟಳೆ.

ಎಂಜಿನಿಯರ್ ಶಶಿಕಿರಣ್ ನನ್ನ ಶಿಷ್ಯ. ಯುಗಾದಿ ಕಳೆದ ಮೇಲೆ ಮನೆಗೆ ಬಂದು ಕಾಲಿಗೆರಗಿದ.

“ಸಾರ್, ಮೇಲ್ಗಾಲುವೆ ಉಳಿಸಬೇಕು ಅಂತ ವರದಿ ಬರೀತಿದೀನಿ. ನಿಮ್ಮ ಹತ್ರ ಅಳತೆ ಎಲ್ಲಾ ಇದೆಯಂತಲ್ಲ?”

ಹನ್ನೊಂದು ವರ್ಷ ಬರೆದ ನೋಟುಪುಸ್ತಕವನ್ನು ಅವನ ಕೈಗಿತ್ತೆ. ಸಾಲದೆಂದು, “ನಾರು ಕೀಳೋ ದಿನ ಬಾ. ಸಂದು ಬರಿದಾಗಿದ್ದಾಗಲೇ ಹಲಗೆಯ ಅಂಚು ಹೇಗೆ ಕೂತಿದೆ ಅಂತ ಕಾಣೋದು” ಎಂದು ಕರೆದವನೂ ನಾನೇ.

ಅವನು ಬಂದ. ಏಳನೆಯ ಸಂದಿನಲ್ಲಿ ಕುಕ್ಕರುಗಾಲಲ್ಲಿ ಕೂತು ನಾರು ಕೀಳುತ್ತಿದ್ದ ಕೆಂಪಲಕ್ಷ್ಮಮ್ಮ ಕೂಗಿದಳು: “ಏನ್ ಇಂಜಿನಿಯರಪ್ಪಾ, ಮೇಲೇ ನಿಂತ್ಬಿಟ್ಟೆ? ಪ್ಯಾಂಟು ಮಡಚ್ಕೊಂಡು ಇಳಿ, ಸಂದೇನು ಕಚ್ಚಾಕಿಲ್ಲ!”

“ಇಳೀತೀನಿ ಬಿಡಕ್ಕಾ, ಊಟ ಆಗ್ಲಿ” ಎಂದು ಅವನೂ ನಕ್ಕ.

ನಾವೆಲ್ಲ ಊಟಕ್ಕೆ ಹೋದೆವು. ಹಿಂತಿರುಗಿದಾಗ ಅವನಿರಲಿಲ್ಲ, ಮೇಲ್ಗಾಲುವೆಯ ಕೆಳಗೆ ಹಳ್ಳವೆಲ್ಲ ಒದ್ದೆಯಾಗಿತ್ತು. ತೂಬು ಕಾಯುವ ನೀರುಗಂಟಿ ಜವರಣ್ಣ ಓಡಿಬಂದ.

“ಹತ್ತು ನಿಮ್ಸ ತೂಬು ಎತ್ತು ಅಂತ ನೀವೇ ಹೇಳಿದ್ರಂತೆ ಮೇಷ್ಟ್ರೇ? ಇಂಜಿನಿಯರು ಅಂದ್ರು, ಎತ್ತಿ ಬಿಟ್ಟೆ.”

ನಾನು ಹೇಳಿರಲಿಲ್ಲ. ಆದರೂ, ಹುಡುಗ ಏನನ್ನೋ ಪರೀಕ್ಷಿಸಿರಬೇಕು, ನಾಲ್ಕು ಜನರ ಮುಂದೆ ಅವನಿಗೆ ಅವಮಾನ ಬೇಡ ಎಂದುಕೊಂಡು ತಲೆಯಾಡಿಸಿದೆ. ಮರುದಿನ ಹೊಸ ನಾರು ತುಂಬಿದರು. ನೀರು ಒಂದು ಹನಿಯೂ ಕೆಳಗೆ ಬೀಳದೆ ಗದ್ದೆಗೆ ಹೋಯಿತು.

ಎರಡು ತಿಂಗಳ ಮೇಲೆ ಪಂಚಾಯಿತಿ ಗೋಡೆಗೆ ವರದಿಯನ್ನೂ ನೋಟೀಸನ್ನೂ ಅಂಟಿಸಿದರು. ಇಪ್ಪತ್ತೆರಡು ಸಂದುಗಳಿಂದಲೂ ನೀರು ಚಿಮ್ಮುವ ಫೋಟೋಗಳು. ಬೀಡಿನ ತೊಟ್ಟಿಯನ್ನು ಒಡೆದು ಕಾಂಕ್ರೀಟಿನದನ್ನು ಕಟ್ಟುವ ಆದೇಶ.

ಬಸ್ಸು ಹತ್ತಿ ಬೇಲೂರಿಗೆ, ಅವನ ಕಚೇರಿಗೆ ಹೋದೆ.

“ಇದು ಸುಳ್ಳು” ಎಂದೆ.

“ಯಾವ ಸಾಲು ಸುಳ್ಳು, ತೋರಿಸಿ ಸಾರ್. ಆವತ್ತು ನೀರು ಸೋರ್ಲಿಲ್ವಾ? ಕಂಡದ್ದನ್ನೇ ಬರಿ ಅಂತ ಹೇಳಿಕೊಟ್ಟೋರು ನೀವೇ.”

“ಬಾಗಿಲು ಕಳಚಿಟ್ಟ ದಿನ ಬಂದು, ಈ ಮನೆಗೆ ಬಾಗಿಲೇ ಇಲ್ಲ ಅಂತ ಬರೆಯೋಕೆ ಹೇಳಿಕೊಟ್ಟಿದ್ನೇನೋ?”

ಅವನು ಸ್ವರ ತಗ್ಗಿಸಿದ. “ಕಾಂಕ್ರೀಟ್ ಅಂತ ಮೇಲಿನವರು ಮೊದಲೇ ತೀರ್ಮಾನ ಮಾಡಿದ್ರು ಸಾರ್. ನಾನಲ್ಲದಿದ್ರೆ ಇನ್ನೊಬ್ಬ ಬರೀತಿದ್ದ. ಊರಲ್ಲಿ ನಿಮಗೆ ಮುಜುಗರ ಆಗೋದು ಬೇಡ. ನಿಮ್ಮ ಹೆಸರು ತೆಗೆದುಬಿಡ್ತೀನಿ. ಜನಕ್ಕೆ ಕಚೇರಿಯ ತಪ್ಪು ಅಂದ್ರಾಯ್ತು.”

ಒಂದು ಕ್ಷಣ ನನಗೆ ಆಸೆಯಾಯಿತು, ಅದನ್ನು ಮುಚ್ಚಿಡಲಾರೆ.

“ಹೆಸರು ಇರಲಿ. ಫೋಟೋದ ಕೆಳಗೆ, ಅದು ನಾರು ಕಿತ್ತ ದಿನ ಅಂತ ಸೇರಿಸು.”

“ಅದು ಆಗಲ್ಲ ಸಾರ್.”

“ಹಾಗಾದರೆ ನನ್ನ ಪುಸ್ತಕ ಕೊಡು.”

“ಅದು ಫೈಲಿಗೆ ಸೇರಿಹೋಗಿದೆ.”

ಊರಿಗೆ ಮರಳಿ ನೇರವಾಗಿ ಕೆಂಪಲಕ್ಷ್ಮಮ್ಮನ ಜಗಲಿಗೆ ಹೋದೆ. “ಆ ಹೈದ ನಿಮ್ ಹೆಸ್ರೂ ಕೆಡಿಸ್ಬುಟ್ಟ, ಮೇಷ್ಟ್ರೇ” ಎಂದು ಆಕೆಯೇ ನನ್ನ ಪಕ್ಷ ವಹಿಸಿದಳು. ನಾನು ಎಲ್ಲವನ್ನೂ ಹೇಳಿದೆ: ದಿನ ತಿಳಿಸಿ ಕರೆದದ್ದು, ಜವರಣ್ಣ ಕೇಳಿದಾಗ ಸುಳ್ಳಿಗೆ ತಲೆಯಾಡಿಸಿದ್ದು.

ಆಕೆ ಕೈಲಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

“ಕರೆದಿದ್ದು ತಪ್ಪಲ್ಲ. ಶಿಷ್ಯ ಅಂತ ನಂಬುದ್ರಿ. ಆದ್ರೆ ಆವತ್ತೇ ‘ನಾನು ಹೇಳಿಲ್ಲ’ ಅಂದಿದ್ರೆ, ಅವ್ನು ಬಸ್ತಿಹಳ್ಳೀನೂ ದಾಟಾಕೆ ಮುಂಚೆ ಹಿಡ್ಕೊಂಡು ಕೇಳ್ತಿದ್ವಲ್ಲ ಮೇಷ್ಟ್ರೇ. ಅವನ ಮಾನ ಕಾಯಾಕೋಗಿ ನಮ್ಮನ್ನ ಬಿಟ್ಕೊಟ್ರಿ.” ಸೆರಗು ಕೊಡವಿ ಎದ್ದಳು. “ನನಗೆ ಹೇಳಿ ಏನ್ ಬಂತು? ಜವರಣ್ಣ ‘ತೂಬು ಎತ್ತಿದ ಕೈ ನಂದು’ ಅಂತ ಎರಡು ದಿನದಿಂದ ಅನ್ನ ಮುಟ್ಟಿಲ್ಲ. ಹೋಗಿ ಅವನಿಗೆ ಹೇಳಿ.”

ಹೋದೆ. ನನ್ನನ್ನು ಕಂಡ ಜವರಣ್ಣ ಎಂದಿನಂತೆ ತಟ್ಟನೆ ಎದ್ದು ಕೈಮುಗಿದ.

“ನೀನು ಕೂತ್ಕೋ, ಜವರಣ್ಣ” ಎಂದೆ. ಅವನು ಕುಳಿತ ಮೇಲೆ, ನಿಂತುಕೊಂಡೇ ಹೇಳತೊಡಗಿದೆ.