ಮೂರನೇ ಫೋಟೋದ ಮೂಲೆ

ನಡುರಾತ್ರಿ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ 'ಟಪ್' ಎಂದಿತು. ಎದ್ದು ಕುಳಿತೆ. ಗಂಡನನ್ನು ಎಬ್ಬಿಸಿದರೆ "ನಿನಗೆ ಎಲೆ ಅಲುಗಿದರೂ ಕಳ್ಳನೇ" ಎನ್ನುತ್ತಾರೆಂದು ಸುಮ್ಮನಾದೆ. ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ನಾದಿನಿಯ ಕೂಗಿಗೆ ಮನೆಯೇ ಎದ್ದಿತು. ಅವಳು ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಜಾಹೀರಾತಿನ ಫೋಟೋಗೆಂದು ಮಾಡಿ ಡಬ್ಬಿಯಲ್ಲಿಟ್ಟಿದ್ದ ಕೇಕಿನ ಒಂದು ಬದಿ ಮಾಯವಾಗಿತ್ತು.

"ಇದು ಮಸಿಯದೇ ಕೆಲಸ! ಅತ್ತಿಗೆ, ಸಂಜೆಗೇ ಆ ಬೆಕ್ಕನ್ನ ಗೆಳತಿ ಮನೆಗೆ ಬಿಟ್ಟು ಬರ್ತೀನಿ."

ಮಸಿ ನಮ್ಮ ಕರಿ ಬೆಕ್ಕು, ನನ್ನ ಮುದ್ದು. "ಡಬ್ಬಿ ತೆಗೆದು ಮತ್ತೆ ಮುಚ್ಚಿಡೋ ಬೆಕ್ಕು ಉಂಟಾ?" ಎಂದೆ.

"ಕಣ್ಣು ಮುಚ್ಚಿ ಹಾಲು ಕುಡಿಯೋ ಜಾತಿ ಅದು, ನಂಬಬಾರದು" ಎಂದರು ಮಾವ. ಸಕ್ಕರೆ ಕಾಯಿಲೆ ಬಂದಾಗಿನಿಂದ ಸಿಹಿಯ ಹೆಸರೆತ್ತದ ಮನುಷ್ಯ. "ನನ್ನ ಕನ್ನಡಕವೂ ಕಾಣ್ತಿಲ್ಲ. ಅದೇ ಎತ್ಕೊಂಡು ಹೋಗಿರಬೇಕು."

"ಹೌದಪ್ಪ, ಪೇಪರ್ ಓದ್ತಾ ಕೂತಿರತ್ತೆ!" ಎಂದಳು ನಾದಿನಿ.

ಕೇಕಿನ ಉಳಿದ ಬದಿಯನ್ನು ಮುಂದೆ ಮಾಡಿ ಅಡುಗೆಮನೆಯಲ್ಲೇ ಫೋಟೋ ತೆಗೆಯಲು ನಿಂತೆ. ಮನೆಗಳ ಫೋಟೋ ತೆಗೆಯುವುದು ನನ್ನ ಕಸುಬು. ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲು, ಕಪಾಟಿನ ಕಡೆ ಕತ್ತಲು. ಕಿಟಕಿಗೆ ಹೊಂದಿಸಿದರೆ ಕಪಾಟು ಇದ್ದಿಲು, ಕಪಾಟಿಗೆ ಹೊಂದಿಸಿದರೆ ಕಿಟಕಿ ಬರೀ ಬಿಳಿ ಹಾಳೆ. ಅದಕ್ಕೇ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಮೂರು ಸಲ ತೆಗೆಯುತ್ತೇನೆ: ಬೆಳಕನ್ನು ಮೊದಲು ಕಡಿಮೆ ಬಿಟ್ಟು, ಆಮೇಲೆ ಹದವಾಗಿ, ಕೊನೆಗೆ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟು. ಕಂಪ್ಯೂಟರಿನಲ್ಲಿ ಮೂರನ್ನೂ ಬೆರೆಸಿದರೆ ಬಿಸಿಲೂ ಉಳಿಯುತ್ತದೆ, ನೆರಳೂ ಕಾಣುತ್ತದೆ. ನಡುವೆ ಯಾರೂ ಅಲುಗಬಾರದು, ಅಷ್ಟೇ.

ಕಪಾಟಿನ ಮುಂದೆ ಬಂದು ಕೂತಿದ್ದ ಮಸಿ ಅಲುಗಿತು. ಬೆರೆಸಿದ ಚಿತ್ರದಲ್ಲಿ ಒಂದೇ ಬೆಕ್ಕಿಗೆ ಮೂರು ತಲೆ, ಅರ್ಧ ಬಾಲ.

ನಾದಿನಿ ಬಿದ್ದು ಬಿದ್ದು ನಕ್ಕಳು. "ಮೂರು ಬಾಯಿ ನೋಡಿ ಅತ್ತಿಗೆ! ಅದಕ್ಕೇ ಅಷ್ಟು ಕೇಕ್ ಹೋಗಿದ್ದು!"

ಅವಳು ಅತ್ತ ಹೋದ ಮೇಲೆ, ಆ ತಲೆಗಳನ್ನು ಅಳಿಸಲೆಂದು ಮೂರನೇ ಫೋಟೋವನ್ನು ದೊಡ್ಡದು ಮಾಡಿದೆ. ಬರಿಗಣ್ಣಿಗೆ ಕಪ್ಪಾಗಿದ್ದ, ಕಪಾಟಿನ ಹಿಟ್ಟಿನ ಡಬ್ಬಗಳ ಸಂದಿ ಅದರಲ್ಲಿ ಹಗಲಾಗಿತ್ತು. ಅಲ್ಲೊಂದು ತಟ್ಟೆ, ತಟ್ಟೆಯಲ್ಲಿ ಕಚ್ಚಿದ ಕೇಕು, ಪಕ್ಕದಲ್ಲೇ ಮಾವನ ಕನ್ನಡಕ!

ಹೇಳಿದರೆ ಮಾವನ ಮಾನ ಹೋಗುತ್ತದೆ, ಹೇಳದಿದ್ದರೆ ಸಂಜೆ ಮಸಿ ಹೋಗುತ್ತದೆ. ಸಕ್ಕರೆ ಏರಿದ್ದರೆ ಎಂಬ ಭಯ ಬೇರೆ.

ತಟ್ಟೆ ಖಾಲಿ ಮಾಡಿ ತೊಳೆದಿಟ್ಟೆ. ಸಂದಿಯಿಂದ ಕನ್ನಡಕ ತೆಗೆದು, ಒರೆಸಿ, ಮಾವನ ಕೈಗಿಟ್ಟೆ. "ಹಾಕ್ಕೊಂಡು ಈ ಫೋಟೋ ನೋಡಿ ಮಾವ."

ನೋಡಿದರು. ಕಿವಿ ಕೆಂಪಾಯಿತು. "ಒಂದು ಫೋಟೋಗೆ ಇಷ್ಟೊಂದು ಬೆಳಕು ಬೇಕಾ ತಾಯಿ?"

"ನಾಳೆ ರಕ್ತ ಪರೀಕ್ಷೆಗೆ ಹೋಗೋಣ. ಇನ್ಮೇಲೆ ರಾತ್ರಿ ಡಬ್ಬಿ ಮುಟ್ಟಬಾರದು."

"ಮುಟ್ಟಲ್ಲ."

"ಮಸಿ ಗತಿ?"

ಮಾವ ಗಂಟಲು ಸರಿಮಾಡಿಕೊಂಡು ಮಗಳ ಹತ್ತಿರ ಹೋದರು. "ಬೆಕ್ಕು ಇರಲಿ ಬಿಡಮ್ಮ. ಹಿಟ್ಟಿರೋ ಮನೆಗೆ ಇಲಿ ಬಂದ್ರೆ ನಿನ್ನ ವ್ಯಾಪಾರಕ್ಕೇ ಕಲ್ಲು ಬೀಳತ್ತೆ."

"ಬೆಳಿಗ್ಗೆ ನೀವೇ ಬೈದ್ರಲ್ಲಪ್ಪ!"

"ಆಗ ಕನ್ನಡಕ ಇರಲಿಲ್ಲ, ಸರಿಯಾಗಿ ಕಾಣ್ತಿರಲಿಲ್ಲ."

"ಸರಿ, ಇರಲಿ. ಡಬ್ಬಿಗೆ ಬೀಗ ಹಾಕ್ತೀನಿ."

ಮಾವನ ಮುಖ ಒಂದು ಗಳಿಗೆ ಸಪ್ಪಗಾಯಿತು.

ನಾನು ಮತ್ತೆ ಬೆರೆಸಲು ಕುಳಿತೆ. ಆ ಸಂದಿಗೆ ಮಾತ್ರ ಮೊದಲನೇ ಫೋಟೋದ ಕತ್ತಲನ್ನೇ ತಂದು ಹಾಕಿದೆ.

"ಆ ಮೂಲೆ ಯಾಕೋ ಕಪ್ಪಾಯ್ತಲ್ಲ ಅತ್ತಿಗೆ?"

"ಎಲ್ಲ ಕಡೆ ಬೆಳಗಿಸಿದ್ರೆ ಫೋಟೋ ಚಪ್ಪೆ ಆಗತ್ತೆ."

ಗಂಡನಿಗೂ ಹೇಳಬಾರದೆಂದು ತೀರ್ಮಾನಿಸಿ, ಮೂರನೇ ಫೋಟೋವನ್ನು ಅಳಿಸಿಬಿಟ್ಟೆ.