ಹೋಗುವ ಹೊತ್ತು, ಬರುವ ಹೊತ್ತು

ನಮ್ಮ ಆಂಬುಲೆನ್ಸ್ ವಿಮಾನದ ಆಫೀಸಿನಲ್ಲಿ ನನಗೆ ‘ಲೆಕ್ಕದಮ್ಮ’ ಎಂದೇ ಹೆಸರು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ದೂರವೆಷ್ಟು, ಗಾಳಿ ಯಾವ ಕಡೆಗೆ, ಹಾರಲು ಎಷ್ಟು ಹೊತ್ತು ಎಂದು ಬರೆದುಕೊಡುವುದು ನನ್ನ ಕೆಲಸ. ನನ್ನ ಲೆಕ್ಕ ತಪ್ಪುವುದಿಲ್ಲ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಅಂದು ಆರು ವರ್ಷದ ಹುಡುಗಿಯೊಬ್ಬಳನ್ನು ಕರೆತರಬೇಕಿತ್ತು. ಆಕ್ಸಿಜನ್ ತೆಗೆದರೆ ಉಸಿರು ನಿಲ್ಲುವ ಸ್ಥಿತಿ. ಒಂಬೈನೂರು ಕಿಲೋಮೀಟರ್ ದೂರ. ಗಾಳಿ ಹಿಂದಿನಿಂದ ತಳ್ಳಿದ್ದರಿಂದ ಹೋಗಲು ಒಂದೂಮುಕ್ಕಾಲು ಗಂಟೆ. ಹೋಗುವ ಚೀಟಿಯನ್ನೇ ನಕಲು ಮಾಡಿ, ಊರುಗಳನ್ನು ಅದಲುಬದಲು ಮಾಡಿ ಬರುವ ಚೀಟಿ ತಯಾರಿಸುವುದು ನಮ್ಮಲ್ಲಿ ರೂಢಿ. ಊರು ಬದಲಿಸಿದೆ. ಹೊತ್ತು ಬದಲಿಸಲು ಮರೆತೆ. ವಿಮಾನದ ಜೊತೆ ಹೋಗಿದ್ದ ನರ್ಸಕ್ಕ ಆ ಚೀಟಿ ನೋಡಿ ಎರಡು ಗಂಟೆಗಾಗುವಷ್ಟು ಆಕ್ಸಿಜನ್ ತುಂಬಿಸಿಕೊಂಡಳು. ಸಂಜೆ ಐದೂ ಹತ್ತಕ್ಕೆ ಹುಡುಗಿಯನ್ನು ಹತ್ತಿಸಿಕೊಂಡು ಅಲ್ಲಿಂದ ಹೊರಟರು.

ಮಗುವಿನ ಅಪ್ಪ ನಮ್ಮ ಊರಿನಲ್ಲೇ ಬಸ್ ಡ್ರೈವರ್. ನನ್ನ ಮೇಜಿನೆದುರು ಕೂತು ಗಡಿಯಾರ ನೋಡುತ್ತಿದ್ದವನು ಐದೂ ಐವತ್ತಕ್ಕೆ ಕೇಳಿದ: “ಹೋಗೋಕೂ ಬರೋಕೂ ಒಂದೇ ಹೊತ್ತಾ ಮೇಡಂ? ಗಾಳಿ ಎದುರಾದ್ರೆ ನಮ್ಮ ಬಸ್ಸೇ ಎಳೆಯಲ್ಲ.”

ನಾನು ಬರುವ ಚೀಟಿಯನ್ನು ಎಳೆದುಕೊಂಡೆ.

ಎದುರುಗಾಳಿ ಕಳೆದು ನೋಡಿದೆ. ಎರಡು ಗಂಟೆ ಇಪ್ಪತ್ತು ನಿಮಿಷ. ಪೈಲಟ್‌ಗೆ ಗಾಳಿ ಗೊತ್ತು, ಆಕ್ಸಿಜನ್ ಎಷ್ಟಿದೆಯೆಂದು ಗೊತ್ತಿಲ್ಲ. ನರ್ಸಕ್ಕನಿಗೆ ಆಕ್ಸಿಜನ್ ಗೊತ್ತು, ಗಾಳಿ ಗೊತ್ತಿಲ್ಲ. ಎರಡೂ ಗೊತ್ತಿರಬೇಕಾದವಳು ನಾನೊಬ್ಬಳೇ.

ಆಗ ವಿಮಾನ ಒಂದು ಸಣ್ಣ ನಿಲ್ದಾಣದ ಮೇಲೇ ಇತ್ತು. ಪಕ್ಕದಲ್ಲೇ ಆಸ್ಪತ್ರೆ. ಆದರೆ ರನ್‌ವೇಗೆ ದೀಪಗಳಿಲ್ಲ, ಆರೂಕಾಲರ ನಂತರ ಇಳಿಯುವಂತಿಲ್ಲ. ತಕ್ಷಣ ರೇಡಿಯೊ ಎತ್ತಬೇಕಿತ್ತು. ಎತ್ತಲಿಲ್ಲ. ಇನ್ನೊಮ್ಮೆ ಲೆಕ್ಕ ಹಾಕಿದೆ. ಮತ್ತೊಮ್ಮೆ ಹಾಕಿದೆ. ತಪ್ಪು ನನ್ನದಲ್ಲ ಎಂದು ಎಲ್ಲಾದರೂ ಸಿಕ್ಕೀತೇನೋ ಎಂದು ಹುಡುಕಿದೆ. ಕೆಲಸ ಹೋಗುತ್ತದೆಂಬ ಹೆದರಿಕೆಯೂ ಇತ್ತು, ಈಗ ನೆನೆದರೆ ಅಸಹ್ಯವಾಗುತ್ತದೆ.

ಕೊನೆಗೆ ರೇಡಿಯೊ ಎತ್ತಿ ಹೇಳಿದೆ. ಪೈಲಟ್, “ಲೆಕ್ಕದಮ್ಮಾ, ಈಗ ತಿರುಗಿ ಇಳಿಯೋಷ್ಟ್ರಲ್ಲಿ ಆ ಸಣ್ಣ ನಿಲ್ದಾಣದಲ್ಲಿ ಕತ್ತಲು. ಕೆಳಗೆ ಗಾಳಿ ಕಮ್ಮಿ ಇರುತ್ತೆ, ತಗ್ಗಿನಲ್ಲೇ ಹಾರಿಸಿಕೊಂಡು ಬರ್ತೀನಿ,” ಎಂದ. ಹಿಂದಿನಿಂದ ನರ್ಸಕ್ಕನ ದನಿ ಕೇಳಿತು: “ನಾನು ಆಕ್ಸಿಜನ್ ಆದಷ್ಟು ಕಮ್ಮಿ ಮಾಡ್ತೀನಿ. ಮಗು ತಡ್ಕೊಂಡ್ರೆ ಸಾಕು.”

ಆಮೇಲಿನ ಒಂದೂಕಾಲು ಗಂಟೆ ನಾನು ಮೇಜಿನ ಅಂಚು ಹಿಡಿದೇ ಕೂತಿದ್ದೆ.

ವಿಮಾನ ಇಳಿಯಿತು. ತುಟಿ ನೀಲಿಗಟ್ಟಿದ್ದರೂ ಹುಡುಗಿಗೆ ಉಸಿರಿತ್ತು. ಅವಳನ್ನು ಆಸ್ಪತ್ರೆಯ ಗಾಡಿಗೆ ಹತ್ತಿಸಿ, ಅಪ್ಪನನ್ನು ಕರೆಯಲು ನರ್ಸಕ್ಕ ಒಳಗೆ ಬಂದಳು.

“ತಪ್ಪು ಸ್ವಲ್ಪ ಮೊದಲೇ ಕಂಡಿದ್ರೆ ಆ ಸಣ್ಣ ನಿಲ್ದಾಣದಲ್ಲೇ ಇಳಿದುಬಿಡಬಹುದಿತ್ತು ಕಣೇ. ಹೋಗ್ಲಿ ಬಿಡು, ಗೊತ್ತಾದ ಕೂಡ್ಲೇ ಹೇಳಿದೆಯಲ್ಲ.”

“ಹೌದು ಸಿಸ್ಟರ್,” ಎಂದು ಅಪ್ಪ ಕಣ್ಣೊರೆಸಿಕೊಂಡು ನನಗೆ ಕೈಮುಗಿದ. “ಐದೂ ಐವತ್ತಕ್ಕೆ ನಾನು ಕೇಳಿದ್ದೇ ತಡ, ಕಾಗದ ತೆಗೆದು ಕೂತುಬಿಟ್ರು. ಪುಣ್ಯಾತ್ಗಿತ್ತಿ.”

ನರ್ಸಕ್ಕ ಮೇಜಿನ ಮೇಲಿದ್ದ, ರೇಡಿಯೊದಲ್ಲಿ ಮಾತಾಡಿದ ಹೊತ್ತು ಬರೆದಿಡುವ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಆರು ಗಂಟೆ ಒಂದು ನಿಮಿಷ, ನನ್ನದೇ ಕೈಬರಹ. ಅವನಿಗೆ ನಾನೇ ಹೇಳಲಿ ಎಂದು ನನ್ನನ್ನೇ ನೋಡುತ್ತ ನಿಂತಳು.